ಆರೋಗ್ಯದ ಬಜೆಟ್ಟು: ಕಟ್ಟಡಕ್ಕೆ ದುಡ್ಡು, ಕೈಗಳಿಗೆ ಗೌರವಧನ

ಬಜೆಟ್ ಅಂದ ಕೂಡಲೇ ನಮ್ಮ ಹಾಸ್ಟೆಲ್ ಹುಡುಗರು ಕೇಳೋದು ಎರಡೇ ಪ್ರಶ್ನೆ. ಸ್ಕಾಲರ್‌ಶಿಪ್ ಎಷ್ಟು ಮಾಡಿದ್ರು? ಊಟದ ದುಡ್ಡು ಏರಿಸಿದ್ರಾ ಇಲ್ವಾ? ತಪ್ಪೇನಿಲ್ಲ. ಹಸಿದವನು ಮೊದಲು ತನ್ನ ತಟ್ಟೆ ನೋಡ್ಕೊಳ್ತಾನೆ. ಆದರೆ ಅದೇ ಬಜೆಟ್ ಪುಸ್ತಕದ ಇನ್ನೊಂದು ಪುಟದಲ್ಲಿ ಆಶಾ ಕೆಲಸ ಮಾಡುವ ಅವ್ವನ ಸಂಬಳ ಇದೆ, ಅಕ್ಕನ ಹೆರಿಗೆ ಇದೆ, ಅಪ್ಪನ ಕ್ಷಯದ ಮಾತ್ರೆ ಇದೆ. ನಾಳೆ ನರ್ಸಿಂಗೋ ಫಾರ್ಮಸಿಯೋ ಲ್ಯಾಬ್ ಟೆಕ್ನೀಶಿಯನ್ ಕೋರ್ಸೋ ಮುಗಿಸಿ ಹೊರಬೀಳುವ ನಿಮ್ಮದೇ ನೌಕರಿಯೂ ಅಲ್ಲೇ ಇದೆ. ಆ ಪುಟದ ತಲೆಬರಹ ‘ಆರೋಗ್ಯ ಮತ್ತು ಕುಟುಂಬ ಕಲ್ಯಾಣ’. ಅದನ್ನು ನಾವು ತೆರೆಯೋದಿಲ್ಲ. ಲೆಕ್ಕಪತ್ರ ಅನ್ನೋದು ಮೇಲಿನವರ ವಿದ್ಯೆ ಅಂತ ಅವರ ಕೈಗೇ ಬಿಟ್ಟುಬಿಟ್ಟಿದ್ದೀವಿ.

ಬಾಬಾಸಾಹೇಬರು ಹಾಗೆ ಬಿಟ್ಟವರಲ್ಲ. ಕೊಲಂಬಿಯಾದಲ್ಲಿ ಅವರು ಡಾಕ್ಟರೇಟ್ ಪಡೆದ ಪ್ರಬಂಧ, 1925ರಲ್ಲಿ ಪುಸ್ತಕವಾಗಿ ಬಂದದ್ದು, ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಮೇಲೆ. ಯಾವ ಆದಾಯ ಕೇಂದ್ರಕ್ಕೆ, ಯಾವ ಖರ್ಚು ಪ್ರಾಂತ್ಯದ ತಲೆ ಮೇಲೆ ಅನ್ನೋ ವಿಚಾರ. ಪಟದಲ್ಲಿ ಅವರ ಕೈಯಲ್ಲಿರುವ ಪುಸ್ತಕಕ್ಕೆ ಹೂವಿನ ಹಾರ ಹಾಕ್ತೀವಿ. ಅವರು ಜೀವಮಾನ ಓದಿದ್ದರಲ್ಲಿ ಸರ್ಕಾರದ ಜಮಾಖರ್ಚು ಎಷ್ಟಿತ್ತು ಅಂತ ಯೋಚನೆ ಮಾಡೋದಿಲ್ಲ. 1928ರಲ್ಲಿ ಮುಂಬೈ ಶಾಸನಸಭೆಗೆ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಅವರು ಅದರ ಪರ ಮಾತಾಡಿದರು. ಕಾರ್ಖಾನೆಯ ಹೆಣ್ಣಾಳಿಗೆ ಹೆರಿಗೆಯ ಹೊತ್ತಲ್ಲಿ ವಿಶ್ರಾಂತಿ ಕೊಟ್ಟರೆ ಅದು ಇಡೀ ದೇಶಕ್ಕೆ ಆಗುವ ಲಾಭ, ಆದ್ದರಿಂದ ಆ ಹೊರೆಯ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಹಾಗಂತ ಕೆಲಸ ಮಾಡಿಸಿಕೊಳ್ಳೋ ಮಾಲೀಕನಿಗೆ ಪೂರ್ತಿ ಬಿಡುಗಡೆ ಇಲ್ಲ ಅನ್ನೋದು ಅವರ ವಾದ. ಸುಮಾರು ನೂರು ವರ್ಷದ ಹಿಂದೆ ಎತ್ತಿದ ಪ್ರಶ್ನೆ ಇದು: ಹೊರೆ ಯಾರದು? ನಾನು ಈ ಲೇಖನದಲ್ಲಿ ಕೇಳ್ತಿರೋದೂ ಅದನ್ನೇ. ರಾಜ್ಯದ ಉದ್ದಗಲಕ್ಕೆ ಆರೋಗ್ಯದ ಜಾಲ ಹರಡ್ತೀವಿ ಅಂತ ಸರ್ಕಾರ ಹೇಳುವಾಗ ಅದರ ಖರ್ಚನ್ನು ನಿಜವಾಗಿ ಹೊರ್ತಿರೋರು ಯಾರು?

ಮೊದಲು ಜಾಲ ಅಂದ್ರೆ ಏನು ಅಂತ ನೋಡಿಕೊಳ್ಳೋಣ. ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರ, 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರ. ಬೆಟ್ಟಗಾಡು, ಬುಡಕಟ್ಟು ಪ್ರದೇಶಕ್ಕೆ ಈ ಲೆಕ್ಕ ಇನ್ನೂ ಚಿಕ್ಕದು: 3,000, 20,000, 80,000. ಅದರ ಮೇಲೆ ತಾಲೂಕು ಆಸ್ಪತ್ರೆ, ಜಿಲ್ಲಾಸ್ಪತ್ರೆ. ಇದರ ಬೀಜ 1946ರ ಭೋರ್ ಸಮಿತಿಯ ವರದಿಯಲ್ಲಿದೆ. ದುಡ್ಡು ಕೊಡೋಕೆ ಆಗದ ಕಾರಣಕ್ಕೆ ಯಾವನೂ ಚಿಕಿತ್ಸೆ ಇಲ್ಲದೆ ಇರಬಾರದು ಅಂತ ಆ ಸಮಿತಿ ಆಗಲೇ ಹೇಳಿತ್ತು. ಕರ್ನಾಟಕದಲ್ಲಿ ಈಗ ಎರಡು ಸಾವಿರಕ್ಕೂ ಹೆಚ್ಚು ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ. ಲೆಕ್ಕಕ್ಕೆ ನೋಡಿದರೆ ನಮ್ಮ ರಾಜ್ಯ ಅನೇಕ ರಾಜ್ಯಗಳಿಗಿಂತ ವಾಸಿ. ಬೋರ್ಡು ಇದೆ, ಕಟ್ಟಡ ಇದೆ, ಗೋಡೆ ಮೇಲೆ ಸುಣ್ಣ ಬಣ್ಣ ಇದೆ. ಹಾಗಾದ್ರೆ ರಾತ್ರಿ ಹತ್ತು ಗಂಟೆಗೆ ನೋವು ಶುರುವಾದ ಬಸುರಿಯನ್ನು ಯಾಕೆ ಅಲ್ಲಿಂದ ತಾಲೂಕಿಗೆ, ತಾಲೂಕಿಂದ ಜಿಲ್ಲೆಗೆ ಅಟ್ಟುತ್ತಾರೆ?

ಇದಕ್ಕೆ ಉತ್ತರ ಸಿಗೋದು ಬಜೆಟ್ಟಿನಲ್ಲಿ.

2025-26ರ ಕರ್ನಾಟಕ ಬಜೆಟ್ಟಿನ ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ತೋರಿಸಿದ್ದು 17,473 ಕೋಟಿ. ಕೇಳಿದರೆ ತಲೆ ತಿರುಗುತ್ತೆ. ಹದಿನೇಳು ಸಾವಿರ ಕೋಟಿ! ಆದರೆ ನೂರು ರೂಪಾಯಿಗೆ ಲೆಕ್ಕ ಹಾಕಿದರೆ ನಾಲ್ಕೂಕಾಲು ರೂಪಾಯಿ. ರಾಜ್ಯದ ಜನಸಂಖ್ಯೆ ಏಳು ಕೋಟಿ ಹತ್ತಿರ ಅಂತಿಟ್ಟುಕೊಂಡರೆ ತಲೆಗೆ ವರ್ಷಕ್ಕೆ ಎರಡೂವರೆ ಸಾವಿರ, ದಿನಕ್ಕೆ ಏಳು ರೂಪಾಯಿ. ನಮ್ಮ ಹಾಸ್ಟೆಲ್ ಎದುರಿನ ಅಂಗಡೀಲಿ ಅರ್ಧ ಟೀಗೂ ಸಾಲದು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಏನು ಹೇಳಿತ್ತು? 2020ರ ಹೊತ್ತಿಗೆ ರಾಜ್ಯಗಳು ತಮ್ಮ ಬಜೆಟ್ಟಿನ ನೂರಕ್ಕೆ ಎಂಟಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಇಡಬೇಕು ಅಂತ. 4,09,549 ಕೋಟಿಗೆ ನೂರಕ್ಕೆ ಎಂಟು ಅಂದರೆ 32,764 ಕೋಟಿ. ಕೊರತೆ 15,000 ಕೋಟಿಗೂ ಮೇಲೆ. ಮೆಡಿಕಲ್ ಕಾಲೇಜುಗಳ ಖಾತೆಯನ್ನೂ ಎಳೆದು ತಂದು ಸೇರಿಸಿದರೂ ಎಂಟು ಮುಟ್ಟೋದಿಲ್ಲ. ದೆಹಲಿಯವರ ಮಾತೂ ಅಷ್ಟೇ. ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎರಡೂವರೆ ಪಾಲನ್ನು 2025ರ ಒಳಗೆ ಸರ್ಕಾರಗಳು ಆರೋಗ್ಯಕ್ಕೆ ಹಾಕಬೇಕು ಅಂತ ಅದೇ ನೀತಿ ಬರೆದಿತ್ತು. 2025 ಬಂದು ಹೋಯಿತು. ಎರಡೂವರೆ ಬರಲಿಲ್ಲ.

ಈಗ ಒಂದು ಸೂಕ್ಷ್ಮ ಗಮನಿಸಿ. ಜಾಲ ಕಟ್ಟೋದಕ್ಕೆ ಎರಡು ತರದ ಖರ್ಚಿದೆ. ಒಂದು, ಒಂದೇ ಸಲ ಮಾಡೋ ಖರ್ಚು: ಕಟ್ಟಡ, ಸ್ಕ್ಯಾನಿಂಗ್ ಮಿಷನ್, ಆಂಬುಲೆನ್ಸು. ಇನ್ನೊಂದು, ವರ್ಷ ವರ್ಷವೂ, ದಿನ ದಿನವೂ ಮಾಡಬೇಕಾದ ಖರ್ಚು: ಸಂಬಳ, ಔಷಧಿ, ರಕ್ತಪರೀಕ್ಷೆಯ ಸಾಮಾನು, ಕರೆಂಟು, ಡೀಸೆಲ್, ರಿಪೇರಿ. ಮೊದಲನೇ ಖರ್ಚಿಗೆ ಶಂಕುಸ್ಥಾಪನೆ ಇದೆ, ಕಲ್ಲಿನ ಮೇಲೆ ಮಂತ್ರಿಯ ಹೆಸರಿದೆ, ಕಂಟ್ರಾಕ್ಟರಿಗೆ ಬಿಲ್ಲಿದೆ, ಪುಢಾರಿಗೆ ಪರ್ಸೆಂಟೇಜಿದೆ. ಎರಡನೇ ಖರ್ಚಿಗೆ ಯಾವ ಕಲ್ಲೂ ಇಲ್ಲ. ನರ್ಸಮ್ಮನಿಗೆ ತಿಂಗಳು ತಿಂಗಳು ಸರಿಯಾಗಿ ಸಂಬಳ ಆಯಿತು ಅಂತ ಯಾವ ಮಂತ್ರಿ ಟೇಪು ಕತ್ತರಿಸಿದ್ದಾನೆ? ಮನೆ ಕಟ್ಟೋದು ಸಾಲದಲ್ಲಾದರೂ ಆಗುತ್ತೆ. ಒಲೆ ಉರಿಸೋದಕ್ಕೆ ದಿನಾ ಸೌದೆ ಬೇಕು.

ನಮ್ಮ ರಾಜ್ಯ ಇದನ್ನು ಕಂಡಿದೆ. 1996ರಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಶುರುವಾಯಿತು. ತಾಲೂಕು, ಜಿಲ್ಲಾ ಆಸ್ಪತ್ರೆಗಳು ದೊಡ್ಡವಾದವು, ಹೊಸ ಉಪಕರಣ ಬಂತು. ಸುಳ್ಳು ಹೇಳಬಾರದು, ಆ ಕಟ್ಟಡಗಳಲ್ಲಿ ನಮ್ಮವರೂ ಮಲಗಿ ಎದ್ದಿದ್ದಾರೆ. ಆದರೆ ಸಾಲದ ಜೊತೆಗೆ ಸಾಲಗಾರನ ಬುದ್ಧಿಮಾತೂ ಬರುತ್ತೆ. ನಡೆಸೋ ಖರ್ಚಿಗೆ ರೋಗಿಗಳಿಂದಲೇ ಶುಲ್ಕ ತಗೊಳ್ಳಿ ಅನ್ನೋದು ಆ ಬುದ್ಧಿಮಾತು. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಕಾಸು ಕೀಳುವುದು ಹಾಗೆ ಗಟ್ಟಿಯಾಯಿತು. 2024ರ ನವೆಂಬರಿನಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿ ಹೊರರೋಗಿ ಚೀಟಿ ಹತ್ತರಿಂದ ಇಪ್ಪತ್ತು ರೂಪಾಯಿಗೆ ಏರಿತು. ಹತ್ತು ರೂಪಾಯಿ ಏನು ಮಹಾ ಅಂತೀರಾ? ಚೀಟಿಗೆ ಇಪ್ಪತ್ತು, ಬಸ್ಸಿಗೆ ಗಂಡಸಿಗೆ ನಲವತ್ತು, ಆ ದಿನದ ಕೂಲಿ ಹೋಯ್ತು, ಹೊರಗಡೆ ಔಷಧಿ ಅಂಗಡೀಲಿ ಇನ್ನೆಷ್ಟೋ. ಹೊಟ್ಟೆನೋವಿಗೆ ಡಾಕ್ಟ್ರ ಹತ್ತಿರ ಹೋಗೋದನ್ನ ಮುಂದಿನ ವಾರಕ್ಕೆ ಹಾಕೋಣ ಅಂತ ಅನ್ನಿಸೋದು ಹೀಗೇ. ರೋಗ ಬಲಿಯೋದೂ ಹೀಗೇ.

ಆ ಯೋಜನೆ ನಡೀತಿರುವಾಗಲೇ, 1999ರ ಕೊನೆಯಲ್ಲಿ, ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯಲ್ಲಿ ಒಂದು ಕಾರ್ಯಪಡೆಯನ್ನು ಸರ್ಕಾರ ನೇಮಿಸಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದ ಡಾಕ್ಟರು ಅವರು. 2001ರಲ್ಲಿ ವರದಿ ಬಂತು. ಭ್ರಷ್ಟಾಚಾರ, ರೋಗ ತಡೆಯುವ ಕೆಲಸದ ಕಡೆಗಣನೆ, ಸಮಾನತೆ ಇಲ್ಲದಿರೋದು, ಹೇಳಿದ್ದಕ್ಕೂ ಮಾಡಿದ್ದಕ್ಕೂ ಇರುವ ಅಂತರ, ಎಲ್ಲವನ್ನೂ ಸರ್ಕಾರಿ ವರದಿಯೇ ಬಾಯಿಬಿಟ್ಟು ಹೇಳಿತು. ಉತ್ತರ ಕರ್ನಾಟಕದ ಜಿಲ್ಲೆಗಳು ಹಿಂದೆ ಬಿದ್ದಿವೆ ಅಂತಲೂ ಹೇಳಿತು. ವರದಿಗಳಿಗೆ ನಮ್ಮ ವಿಧಾನಸೌಧದಲ್ಲಿ ಯಾವತ್ತೂ ಬರ ಬಂದಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ದೊಡ್ಡ ಹೆಜ್ಜೆ, ಒಪ್ಪಬೇಕು. ಹಳ್ಳಿಯಲ್ಲಿ ಮನೇಲೇ ಆಗುತ್ತಿದ್ದ ಹೆರಿಗೆಗಳು ಆಸ್ಪತ್ರೆಗೆ ಬಂದವು. ಆದರೆ ದುಡ್ಡಿನ ದಾರಿ ನೋಡಿ. ಹಿಂದೆ ಒಂದು ರೂಪಾಯಿಗೆ 85 ಪೈಸೆ ಕೇಂದ್ರ, 15 ಪೈಸೆ ರಾಜ್ಯ ಅಂತ ಇತ್ತು. ಆಮೇಲೆ 75-25 ಆಯಿತು. 2015-16ರಿಂದ 60-40. ಮೊದಲು ಜಾಲ ಹಾಸಿದರು, ಆಮೇಲೆ ಮೆಲ್ಲಗೆ ಕೈ ಹಿಂದಕ್ಕೆ ತಗೊಂಡರು. ಇದು ಕೇಂದ್ರದ ಹಳೇ ಚಾಳಿ. ಯೋಜನೆಗೆ ಹೆಸರು ತಮ್ಮದು, ಐದು ವರ್ಷ ಆದಮೇಲೆ ಸಂಬಳ ರಾಜ್ಯದ್ದು. ನಗರದ ಬಡಾವಣೆಗಳಿಗೆ 2022ರ ಡಿಸೆಂಬರಿನಲ್ಲಿ ಶುರುವಾದ ‘ನಮ್ಮ ಕ್ಲಿನಿಕ್’ಗಳನ್ನೇ ತಗೊಳ್ಳಿ. 438 ಕ್ಲಿನಿಕ್ ಅಂತ ಆ ವರ್ಷದ ಬಜೆಟ್ಟಿನಲ್ಲಿ ಘೋಷಣೆ. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಲ್ಯಾಬಿನವರು, ಒಬ್ಬ ಡಿ ಗ್ರೂಪು. ಕೂಲಿಯವರು ಇರೋ ಬಡಾವಣೆಗೆ ಒಳ್ಳೇ ಯೋಚನೆ. ಇಂಥ ಕೇಂದ್ರಗಳಿಗೆ ಆಸರೆಯಾದದ್ದು 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನ. ಅದರ ಅವಧಿಯೇ 2025-26ರ ತನಕ. ಅಲ್ಲಿ ಡಾಕ್ಟರನ್ನು ಗುತ್ತಿಗೆ ಮೇಲೆ ಕೂರಿಸಿದ್ದೇಕೆ ಅಂತ ಈಗ ಗೊತ್ತಾಯಿತಲ್ಲ? ಐದು ವರ್ಷದ ದುಡ್ಡಿಗೆ ಮೂವತ್ತು ವರ್ಷದ ನೌಕರಿ ಯಾರೂ ಕೊಡೋದಿಲ್ಲ.

ಇನ್ನು ಈ ಜಾಲದ ತುದಿಯಲ್ಲಿರುವ ಕೈಗಳ ಮಾತು.

ಸಾವಿರ ಜನಕ್ಕೆ ಒಬ್ಬಳು ಆಶಾ. ಕರ್ನಾಟಕದಲ್ಲಿ ಸುಮಾರು 42,000 ಮಂದಿ. ಅವರಲ್ಲಿ ನಮ್ಮ ಕೇರಿಯ ಅವ್ವಂದಿರು, ಅಕ್ಕಂದಿರು, ಚಿಕ್ಕಮ್ಮಂದಿರು ಎಷ್ಟು ಜನ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಹಾಸ್ಟೆಲಿನ ಒಂದು ರೂಮಿನಲ್ಲಿ ಕೇಳಿ ನೋಡಿ. ಬಸುರಿಯರ ಪಟ್ಟಿ ಬರೆಯೋದು ಅವಳು, ರಾತ್ರಿ 108ಕ್ಕೆ ಫೋನ್ ಮಾಡಿ ಜೊತೇಲಿ ಹೋಗೋದು ಅವಳು, ಮಗುವಿಗೆ ಚುಚ್ಚುಮದ್ದು ಹಾಕಿಸೋದು ಅವಳು, ಕುಷ್ಠ ಕ್ಷಯ ಡೆಂಗಿ ಸಮೀಕ್ಷೆ ಅವಳದು, ಮೊಬೈಲಿನಲ್ಲಿ ಮಾಹಿತಿ ತುಂಬೋದೂ ಅವಳದೇ. ಕೊರೋನಾ ಕಾಲದಲ್ಲಿ ಮನೆ ಮನೆ ಬಾಗಿಲು ತಟ್ಟಿದವಳೂ ಅವಳೇ. ಅದೇ 2020ರ ಜುಲೈನಲ್ಲಿ ತಿಂಗಳಿಗೆ 12,000 ಕೊಡಿ ಅಂತ ಬೀದಿಗೆ ಇಳಿಯಬೇಕಾಯಿತು. ಇಷ್ಟೆಲ್ಲ ಮಾಡಿದರೂ ಅವಳು ಸರ್ಕಾರಿ ನೌಕರಳಲ್ಲ. ಕೂಲಿಕಾರಳೂ ಅಲ್ಲ. ಅವಳ ಹೆಸರು ‘ಕಾರ್ಯಕರ್ತೆ’. ಅವಳಿಗೆ ಸಿಗೋದು ‘ಗೌರವಧನ’. ಯಾವ ಕಲೆಕ್ಟರಿಗಾದರೂ ಗೌರವಧನ ಕೊಡ್ತಾರಾ? ಅವನಿಗೆ ಸಂಬಳ, ತುಟ್ಟಿಭತ್ಯೆ, ಮನೆ ಬಾಡಿಗೆ, ಕಾರು. ಈ ದೇಶದಲ್ಲಿ ಗೌರವ ಕೊಟ್ಟು ದುಡ್ಡು ಉಳಿಸೋದು ಕೆಳಗಿನವರ ಹತ್ತಿರ ಮಾತ್ರ.

2025ರ ಜನವರಿ ಚಳಿಯಲ್ಲಿ ಸಾವಿರಾರು ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ 15,000 ನಿಗದಿ ಮಾಡಿ ಅನ್ನೋದು ಬೇಡಿಕೆ. ನಾಲ್ಕನೇ ದಿನ ಸರ್ಕಾರ, ಏಪ್ರಿಲಿನಿಂದ ಎಲ್ಲ ಸೇರಿ ಕನಿಷ್ಠ 10,000 ಸಿಗುವಂತೆ ಮಾಡ್ತೀವಿ ಅಂತ ಭರವಸೆ ಕೊಟ್ಟಿತು. ಆಗಸ್ಟಿನಲ್ಲಿ ಅದೇ ಹೆಂಗಸರು, ಕೊಟ್ಟ ಮಾತು ನಡೆಸಿ ಅಂತ ಮತ್ತೆ ಧರಣಿ ಕೂರಬೇಕಾಯಿತು.

ಸಂಪನ್ಮೂಲ ಇಲ್ಲ ಅಂತಾರಲ್ಲ, ಬನ್ನಿ ಲೆಕ್ಕ ಹಾಕೋಣ. ಪೆನ್ಸಿಲ್ ತಗೊಳ್ಳಿ. 42,000 ಮಂದಿಗೆ ತಿಂಗಳಿಗೆ 10,000, ಹನ್ನೆರಡು ತಿಂಗಳಿಗೆ 504 ಕೋಟಿ. 15,000 ಕೊಟ್ಟರೆ 756 ಕೋಟಿ. ವ್ಯತ್ಯಾಸ 252 ಕೋಟಿ. ಕೇಂದ್ರದಿಂದ ಬರುವ ಪಾಲನ್ನು ಕಳೆಯೋದೇ ಬೇಡ, ಎಲ್ಲವನ್ನೂ ರಾಜ್ಯವೇ ಕೊಡುತ್ತೆ ಅಂತಲೇ ಇಟ್ಟುಕೊಳ್ಳಿ. 4,09,549 ಕೋಟಿಯ ಬಜೆಟ್ಟಿನಲ್ಲಿ ಈ 252 ಕೋಟಿ ಅಂದರೆ ಸಾವಿರ ರೂಪಾಯಿಗೆ ಅರವತ್ತೆರಡು ಪೈಸೆ. ಆ ಅರವತ್ತೆರಡು ಪೈಸೆಗಾಗಿ ಹೆಂಗಸರು ರಸ್ತೆ ಮೇಲೆ ಮಲಗಿದರು. ಸರ್ಕಾರದ ಹತ್ತಿರ ದುಡ್ಡಿಲ್ಲದೆ ಆಗಿದ್ದಲ್ಲ ಇದು. ಈ ಕೆಲಸ ಅಗ್ಗಕ್ಕೆ ಸಿಗುತ್ತೆ ಅಂತ ಗೊತ್ತಿರೋದರಿಂದ ಆಗಿದ್ದು. ಊರ ಕೊಟ್ಟಿಗೆ ಬಳಿಯೋದು, ಸತ್ತ ದನ ಎಳೆಯೋದು, ಸೂಲಗಿತ್ತಿ ಕೆಲಸ, ಎಲ್ಲಕ್ಕೂ ಒಂದು ಮೊರ ಕಾಳು ಕೊಟ್ಟು ‘ನಮ್ಮ ಮನೆಯವಳೇ ಕಣೇ’ ಅಂತ ಮಾತಲ್ಲಿ ಮುಗಿಸ್ತಿದ್ದರು. ಗೌರವಧನ ಅನ್ನೋದು ಅದೇ ಮೊರದ ಕಾಳು, ಸರ್ಕಾರಿ ಆದೇಶ ಸಂಖ್ಯೆಯ ಜೊತೆ.

ಆಸ್ಪತ್ರೆ ಒಳಗೆ ಹೋಗಿ. ನೆಲ ಒರೆಸೋರು, ರಕ್ತದ ಬಟ್ಟೆ ಎತ್ತೋರು, ಹೆಣದ ಕೋಣೆಯಲ್ಲಿ ಕೆಲಸ ಮಾಡೋರು ಯಾವ ಜಾತಿಯವರು? ಹಿಂದೆ ಅವರಲ್ಲಿ ಎಷ್ಟೋ ಜನಕ್ಕೆ ಡಿ ಗ್ರೂಪ್ ಕಾಯಂ ನೌಕರಿ ಇತ್ತು. ಆ ಸಂಬಳದಲ್ಲೇ ಒಂದು ತಲೆಮಾರು ಓದಿ ಮೇಲೆ ಬಂತು. ಇವತ್ತು ಕಾಲೇಜು ಮೆಟ್ಟಿಲು ಹತ್ತಿದ ಎಷ್ಟೋ ಹುಡುಗರ ತಾತ ಆಸ್ಪತ್ರೆಯ ವಾರ್ಡ್‌ಬಾಯ್. ಈಗ ಆ ಕೆಲಸ ಏಜೆನ್ಸಿಗೆ ಹೋಗಿದೆ. ಸಂಬಳ ಏಜೆನ್ಸಿ ಕೈ ದಾಟಿ ಬರುವಾಗ ಅಲ್ಲೊಂದು ಚೂರು ಉದುರುತ್ತೆ. ಪಿ.ಎಫ್. ಕಟ್ಟಿದ್ದಾರಾ ಅಂತ ಕೇಳಿದವನಿಗೆ ಮಾರನೇ ದಿನ ಕೆಲಸ ಇರೋದಿಲ್ಲ. ಬಜೆಟ್ ಪುಸ್ತಕದಲ್ಲೂ ನೋಡಿ, ಇವರ ಕೂಲಿ ಅಲ್ಲಿ ಸಂಬಳದ ತಲೆಬರಹದಡಿ ಕೂರೋದಿಲ್ಲ. ಫಿನಾಯಿಲು, ಬಲ್ಬು, ಕಾಗದ ಕೊಳ್ಳುವ ಸಾಲಿನ ಪಕ್ಕಕ್ಕೆ ಹೋಗುತ್ತೆ. ಮನುಷ್ಯ ಸಾಮಾನಿನ ಲೆಕ್ಕಕ್ಕೆ ಸೇರ್ತಾನೆ.

ಇದರ ಜೊತೆಗೆ ಮೀಸಲಾತಿಯೂ ಹೋಯಿತು. ಕಾಯಂ ಹುದ್ದೆಗೆ ರೋಸ್ಟರ್ ಇದೆ, ಬ್ಯಾಕ್‌ಲಾಗ್ ಇದೆ, ಕೋರ್ಟಿಗೆ ಹೋಗೋಕೆ ದಾರಿ ಇದೆ. ಏಜೆನ್ಸಿಯವನಿಗೆ ಯಾವ ರೋಸ್ಟರು? 2024ರ ಮೇ ತಿಂಗಳಲ್ಲಿ ಹೊರಗುತ್ತಿಗೆ ನೇಮಕದಲ್ಲೂ ಮೀಸಲಾತಿ ಪಾಲಿಸಬೇಕು ಅಂತ ರಾಜ್ಯ ಸರ್ಕಾರ ಆದೇಶ ಹೊರಡಿಸಿತು. ಸರಿ, ಒಳ್ಳೇದೇ. ಆದರೆ ನೆಲ ಒರೆಸೋ ಕೆಲಸದಲ್ಲಿ ನಮಗೆ ಮೀಸಲಾತಿ ಯಾವತ್ತು ಕಮ್ಮಿ ಇತ್ತು? ಪ್ರಶ್ನೆ ಇರೋದು ನರ್ಸು, ಫಾರ್ಮಸಿಸ್ಟು, ಲ್ಯಾಬ್, ಡಾಕ್ಟರು, ಲೆಕ್ಕ ಬರೆಯೋ ಮ್ಯಾನೇಜರಿನ ಕುರ್ಚಿಯಲ್ಲಿ. ಪ್ಯಾರಾಮೆಡಿಕಲ್ ಓದ್ತಿರೋ ಗೆಳೆಯರೇ, ನಿಮ್ಮ ಸರ್ಟಿಫಿಕೇಟಿಗೆ ಕಾಯ್ತಿರೋದು ಹನ್ನೊಂದು ತಿಂಗಳ ಕಾಗದ. ಬಜೆಟ್ಟಿನಲ್ಲಿ ಕಾಯಂ ಹುದ್ದೆಗೆ ದುಡ್ಡು ಇಡದಿದ್ದರೆ ಸಂವಿಧಾನದ ಹದಿನಾರನೇ ವಿಧಿ ಗೋಡೆ ಮೇಲಿನ ಕ್ಯಾಲೆಂಡರ್ ಆಗುತ್ತೆ.

ಈಗ ನಮ್ಮ ಹೆಸರಿನಲ್ಲೇ ಇರುವ ದುಡ್ಡಿನ ಕಡೆ ಬರೋಣ. 2013ರಲ್ಲಿ ಕರ್ನಾಟಕ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆಯ ಕಾಯ್ದೆ ಬಂತು. ಜನಸಂಖ್ಯೆಯ ಪ್ರಮಾಣಕ್ಕೆ, ಅಂದರೆ 17.15 ಮತ್ತು 6.95, ಒಟ್ಟು ನೂರಕ್ಕೆ 24.1ರಷ್ಟು ಅಭಿವೃದ್ಧಿ ದುಡ್ಡು ನಮಗೆ ಅಂತ ಕಾನೂನು. ಹೋರಾಟದಿಂದ ಬಂದ ಕಾನೂನು. ಆದರೆ ಅದರೊಳಗೇ 7(ಡಿ) ಅಂತ ಒಂದು ಇಲಿಬಿಲ ಇಟ್ಟಿದ್ದರು. ದೊಡ್ಡ ಮೂಲಸೌಕರ್ಯದ ಕೆಲಸ ಮಾಡಿದರೆ ಅದರಲ್ಲಿ ಒಂದು ಪಾಲು ದಲಿತರಿಗೂ ಸಂದಿದೆ ಅಂತ ‘ಭಾವಿಸತಕ್ಕದ್ದು’. ರಸ್ತೆ ಮಾಡಿದರೂ ಭಾವಿಸು, ಮೇಲ್ಸೇತುವೆ ಮಾಡಿದರೂ ಭಾವಿಸು. ಊಟ ಮಾಡಿದ್ದೀನಿ ಅಂತ ಭಾವಿಸಿದರೆ ಹೊಟ್ಟೆ ತುಂಬುತ್ತಾ? ಹತ್ತು ವರ್ಷ ಕೂಗಿದ ಮೇಲೆ 2023ರಲ್ಲಿ ಆ ಕಲಮನ್ನು ತೆಗೆದರು. ಅದೇ ವರ್ಷದಿಂದ ಇನ್ನೊಂದು ದಾರಿ ತೆರೆಯಿತು. 2023-24ರಲ್ಲಿ ಈ ಉಪಯೋಜನೆಗಳ ಹನ್ನೊಂದು ಸಾವಿರ ಕೋಟಿಗೂ ಹೆಚ್ಚು ಗ್ಯಾರಂಟಿ ಯೋಜನೆಗಳಿಗೆ ಹೋಯಿತು, ಮುಂದಿನ ವರ್ಷ ಹದಿನಾಲ್ಕು ಸಾವಿರ ಕೋಟಿಗೂ ಹೆಚ್ಚು. 2025-26ರಲ್ಲಿ ಉಪಯೋಜನೆಗಳಿಗೆ 42,018 ಕೋಟಿ ಅಂತ ಘೋಷಣೆ; ಅದರಲ್ಲೂ ಹದಿಮೂರು ಸಾವಿರ ಕೋಟಿಗೂ ಮೇಲೆ ಗ್ಯಾರಂಟಿಗೆ.

ಇಲ್ಲಿ ನನ್ನನ್ನು ತಪ್ಪು ತಿಳೀಬೇಡಿ. ಗ್ಯಾರಂಟಿ ದುಡ್ಡು ನಮ್ಮ ಅವ್ವಂದಿರ ಕೈಗೂ ಬರ್ತಿದೆ. ಎರಡು ಸಾವಿರ ರೂಪಾಯಿ ಅವಳ ಹೆಸರಿಗೆ ಬಂದದ್ದನ್ನು ‘ಬಿಟ್ಟಿ’ ಅಂತ ಹೀಗಳೆಯೋ ಮೇಲ್ಜಾತಿ ಪತ್ರಿಕೆಗಳ ಜೊತೆ ನಾನು ಸೇರೋನಲ್ಲ. ಆದರೆ ಅದು ಜಾತಿ ನೋಡದೆ ಎಲ್ಲರಿಗೂ ಕೊಡೋ ಯೋಜನೆ. ಎಲ್ಲರಿಗೂ ಕೊಡೋದನ್ನು ಎಲ್ಲರ ದುಡ್ಡಿನಿಂದ ಕೊಡಿ. ಊರಿನ ಮನೆಗೆ ರೇಷನ್ ಊರಿನ ಲೆಕ್ಕದಲ್ಲಿ, ಕೇರಿಯ ಮನೆಗೆ ರೇಷನ್ ಕೇರಿಯ ಹುಂಡಿಯಿಂದ ಅಂದ್ರೆ ಅದು ಯಾವ ನ್ಯಾಯ? ಆರೋಗ್ಯದಲ್ಲೂ ಇದೇ ಆಟ. ಪ್ರಾಥಮಿಕ ಆರೋಗ್ಯ ಕೇಂದ್ರ ಎಲ್ಲರದು. ಅದರ ಔಷಧಿಯಲ್ಲಿ, ಸಂಬಳದಲ್ಲಿ ನಮ್ಮ ಹಕ್ಕು ನಾಗರಿಕರಾಗಿ ಇದ್ದೇ ಇದೆ. ಉಪಯೋಜನೆಯ ದುಡ್ಡು ಅದರ ಮೇಲೆ ಬರಬೇಕು: ಕೇರಿಯೊಳಗೇ ಉಪಕೇಂದ್ರ, ಕೇರಿಯ ಕುಡಿಯೋ ನೀರು ಮತ್ತು ಚರಂಡಿ, ತೋಟದ ಲೈನುಗಳಲ್ಲಿ ವಾರಕ್ಕೊಂದು ಸಂಚಾರಿ ಕ್ಲಿನಿಕ್, ನರ್ಸಿಂಗ್ ಓದೋ ಹುಡುಗಿಯರ ಪೂರ್ತಿ ಫೀಸು, ಮ್ಯಾನ್‌ಹೋಲಿಗೆ ಇಳಿಸಿಕೊಂಡು ಬಂದ ಕೆಲಸಗಾರರ ಶ್ವಾಸಕೋಶದ ತಪಾಸಣೆ. ಇಂಥದ್ದಕ್ಕೆ ಎಷ್ಟು ಹೋಯಿತು, ಸಾಮಾನ್ಯ ಖರ್ಚಿಗೆ ‘ಪಾಲು’ ಅಂತ ಬರೆದು ಎಷ್ಟು ಹೋಯಿತು? ಇಲಾಖೆಯವರು ಎರಡನ್ನೂ ಬೇರೆ ಬೇರೆ ಮಾಡಿ ತೋರಿಸಲಿ.

ಕೇರಿಯೊಳಗೇ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಜಾಲದ ನಕ್ಷೆ ಬರೆಯೋರಿಗೆ ಜಾತಿ ಕಾಣೋದಿಲ್ಲ. ನಕ್ಷೆಯಲ್ಲಿ ಹಳ್ಳಿ ಅಂದರೆ ಒಂದು ಚುಕ್ಕೆ. ನಮಗೆ ಗೊತ್ತು, ಆ ಚುಕ್ಕೆಯಲ್ಲಿ ಊರು ಒಂದು, ಕೇರಿ ಒಂದು. 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ನಡೆಸಿ 2006ರಲ್ಲಿ ಪುಸ್ತಕವಾಗಿ ಬಂದ ಸಮೀಕ್ಷೆಯಲ್ಲಿ, ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಕಾಲಿಡೋದಿಲ್ಲ ಅಂತ ಕಂಡುಬಂತು. ಗೌಡರ ಬೀದಿಯ ಪಕ್ಕದಲ್ಲಿ ಉಪಕೇಂದ್ರ ಕಟ್ಟಿ, ‘ಐದು ಸಾವಿರ ಜನಕ್ಕೆ ಸೌಲಭ್ಯ ಒದಗಿಸಲಾಗಿದೆ’ ಅಂತ ಬರೆದರೆ ಆ ಐದು ಸಾವಿರದಲ್ಲಿ ನಮ್ಮ ಎಂಟುನೂರು ಜನ ಸೇರಿರ್ತಾರೆ. ಭಾವಿಸತಕ್ಕದ್ದು!

ಸಾಗರ ತಾಲೂಕಿನ ಹಂದಿಗೋಡು ಹೆಸರು ಕೇಳಿದ್ದೀರಾ? 1974-75ರ ಹೊತ್ತಿಗೆ ಅಲ್ಲಿನ ಚನ್ನಂಗಿ, ಚಲವಾದಿ ಜನರಲ್ಲಿ ಕೀಲು ಸವೆಯೋ, ಸೊಂಟ ಹಿಡಿಯೋ, ಮಕ್ಕಳು ಕುಳ್ಳಾಗೋ ಕಾಯಿಲೆ ಬೆಳಕಿಗೆ ಬಂತು. ತಜ್ಞರು ಬಂದರು, ರಕ್ತ ತಗೊಂಡರು, ಎಕ್ಸ್‌ರೇ ತೆಗೆದರು. ಗದ್ದೆ ಏಡಿ ತಿಂದದ್ದಕ್ಕೆ ಅಂದರು, ಕ್ರಿಮಿನಾಶಕ ಅಂದರು, ಆಮೇಲೆ ವಂಶದಿಂದ ಬರೋದು ಅಂದರು. ಸಂಶೋಧನೆ ಬೇಡ ಅನ್ನೋದಿಲ್ಲ. ಆದರೆ ನಡೆಯೋಕಾಗದ ಕೂಲಿಗೆ ಬೇಕಾದ್ದು ದಿನನಿತ್ಯದ ನೋವಿನ ಮಾತ್ರೆ, ಊರುಗೋಲು, ಅಂಗವಿಕಲ ವೇತನ, ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರೋ ನರ್ಸು. ಸಂಶೋಧನೆಗೆ ಒಂದು ಸಲದ ಅನುದಾನ ಸಾಕಾಗುತ್ತೆ. ನರ್ಸಿಗೆ ಪ್ರತಿ ತಿಂಗಳ ದುಡ್ಡು ಬೇಕು.

ಇನ್ನು ಕಾರ್ಡಿನ ಮಾತು. 2010ರಲ್ಲಿ ಗುಲ್ಬರ್ಗ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ, 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆ. ಹೃದಯದ ಆಪರೇಷನ್ ಆಗಿ ಬದುಕಿದವರನ್ನು ನಾನೂ ಕಂಡಿದ್ದೀನಿ, ಆ ಕಾರ್ಡನ್ನು ಹರಿದು ಹಾಕಿ ಅಂತ ಹೇಳೋದಿಲ್ಲ. ಆದರೆ ಕಾರ್ಡು ಕೆಲಸ ಮಾಡೋದು ರೋಗ ಬಲಿತ ಮೇಲೆ. ರಕ್ತದೊತ್ತಡಕ್ಕೆ ದಿನಕ್ಕೊಂದು ಅಗ್ಗದ ಮಾತ್ರೆ ಕೊಡೋಕೆ ಉಪಕೇಂದ್ರದಲ್ಲಿ ಸ್ಟಾಕ್ ಇಲ್ಲ. ಅದೇ ಮನುಷ್ಯನಿಗೆ ಲಕ್ವ ಹೊಡೆದ ಮೇಲೆ ಖಾಸಗಿ ಆಸ್ಪತ್ರೆಗೆ ಲಕ್ಷಗಟ್ಟಲೆ ಸರ್ಕಾರಿ ಖಜಾನೆಯಿಂದಲೇ ಹೋಗುತ್ತೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಜೇಬಿನಿಂದ ಕೊಟ್ಟದ್ದು 2013-14ರಲ್ಲಿ ನೂರಕ್ಕೆ 64 ಇದ್ದದ್ದು 2021-22ಕ್ಕೆ 39ಕ್ಕೆ ಇಳಿಯಿತು ಅಂತ ಕೇಂದ್ರದ ಲೆಕ್ಕವೇ ಹೇಳುತ್ತೆ. ಇಳಿದದ್ದು ಸಂತೋಷ. ಆದರೂ ನೂರಕ್ಕೆ 39, ಜೇಬೇ ಇಲ್ಲದವನ ಜೇಬಿನಿಂದ!

ಪಕ್ಕದ ತಮಿಳುನಾಡಿಗೂ ನಮಗೂ ಮಳೆ ಒಂದೇ, ನದಿ ಒಂದೇ. 2018-20ರ ಲೆಕ್ಕದಲ್ಲಿ ಲಕ್ಷ ಹೆರಿಗೆಗೆ ಅಲ್ಲಿ 54 ತಾಯಂದಿರು ಸತ್ತರೆ ನಮ್ಮಲ್ಲಿ 69. ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ತಮಿಳುನಾಡು ಮಾಡಿದ್ದೇನು? 1939ರಷ್ಟು ಹಿಂದೆಯೇ ಮದ್ರಾಸಿನಲ್ಲಿ ಸಾರ್ವಜನಿಕ ಆರೋಗ್ಯದ ಕಾಯ್ದೆ ಆಯಿತು. ರೋಗ ತಡೆಯೋ ಕೆಲಸಕ್ಕೇ ಬೇರೆ ಇಲಾಖೆ, ಬೇರೆ ಅಧಿಕಾರಿಗಳ ಸಾಲು. 1994ರಲ್ಲಿ ಔಷಧಿ ಕೊಳ್ಳೋದಕ್ಕೆ ನಿಗಮ ಮಾಡಿ, ಸಗಟು ಬೆಲೆಗೆ ಕೊಂಡು, ಪರೀಕ್ಷೆ ಮಾಡಿಸಿ, ಜಿಲ್ಲೆ ಜಿಲ್ಲೆಯ ಗೋದಾಮಿಗೆ ಹಂಚುವ ಕ್ರಮ ಹಾಕಿದರು. ಆರೋಗ್ಯ ಕೇಂದ್ರದಲ್ಲಿ ಮೂವರು ನರ್ಸುಗಳನ್ನು ಇಟ್ಟು ರಾತ್ರಿಯೂ ಬಾಗಿಲು ತೆರೆದರು. ಮೂವರು ಯಾಕೆ? ಒಂದು ದಿನಕ್ಕೆ ಮೂರು ಪಾಳಿ, ಅಷ್ಟೇ. ದೊಡ್ಡ ವಿಜ್ಞಾನ ಏನಲ್ಲ. ಪ್ರತಿ ವರ್ಷ ಬಜೆಟ್ಟಿನಲ್ಲಿ ಮೂರು ಸಂಬಳ ಇಡಬೇಕು. ಅಲ್ಲೂ ಜಾತಿ ಸತ್ತಿಲ್ಲ, ಅಲ್ಲೂ ಗುತ್ತಿಗೆ ಇದೆ, ಸ್ವರ್ಗ ಅಂತ ತಿಳೀಬೇಡಿ.

ನಮ್ಮಲ್ಲೂ ಔಷಧಿ ನಿಗಮ ಇದೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ನರಕ್ಕೆ ಹನಿಹನಿಯಾಗಿ ಬಿಡುವ ದ್ರಾವಣದ ಮೇಲೆ ಅನುಮಾನ ಬಂತು, ಅದರ ಬಳಕೆ ನಿಲ್ಲಿಸಿದರು, ಅಧಿಕಾರಿಯ ಅಮಾನತು ಆಯಿತು. ಖಾಸಗಿ ಆಸ್ಪತ್ರೆಗೆ ಹೋಗೋ ಶಕ್ತಿ ಇದ್ದವರ ಮನೆಯ ಹೆಣ್ಣುಮಕ್ಕಳಲ್ಲ ಅವರು. ಔಷಧಿಯ ಗುಣ ಪರೀಕ್ಷೆಗೆ ಲ್ಯಾಬು, ಲ್ಯಾಬಿಗೆ ಜನ, ಜನಕ್ಕೆ ಸಂಬಳ. ಮತ್ತೆ ಅದೇ ಎರಡನೇ ಖರ್ಚು.

ಆದ್ದರಿಂದ ಮುಂದಿನ ಸಲ ಯಾರಾದರೂ ವೇದಿಕೆ ಮೇಲೆ ನಿಂತು ರಾಜ್ಯಕ್ಕೆಲ್ಲ ಇಷ್ಟು ನೂರು ಹೊಸ ಆರೋಗ್ಯ ಕೇಂದ್ರ ಅಂತ ಘೋಷಿಸಿದಾಗ ಚಪ್ಪಾಳೆಗೆ ಮೊದಲು ಕೇಳಿ: ಅದರಲ್ಲಿ ಕಾಯಂ ಹುದ್ದೆ ಎಷ್ಟು? ಆರನೇ ವರ್ಷ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ? ಉಪಯೋಜನೆಯಿಂದ ಎಷ್ಟು ಕಿತ್ತಿರಿ?

ಕೇಳೋದಕ್ಕೆ ವಿಧಾನಸೌಧದ ತನಕ ಹೋಗಬೇಕಾಗಿಲ್ಲ. ರಜಕ್ಕೆ ಊರಿಗೆ ಹೋದಾಗ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿದೆ, ಅದಕ್ಕೆ ಬ್ಯಾಂಕ್ ಖಾತೆ ಇದೆ. ಹಳ್ಳಿ ಮಟ್ಟದಲ್ಲಿ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇದೆ, ಅದಕ್ಕೆ ವರ್ಷಕ್ಕೆ 10,000 ರೂಪಾಯಿ ಮುಕ್ತ ನಿಧಿ ಅಂತ ಅಭಿಯಾನದ ನಿಯಮ. ಸಮಿತಿಯಲ್ಲಿ ಕೇರಿಯವರು ಯಾರಿದ್ದಾರೆ, ಹೆಸರಿಗೆ ಇದ್ದಾರೋ ಸಭೆಗೂ ಕರೀತಾರೋ ವಿಚಾರಿಸಿ. ಬಾಯಿ ಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಬರೀರಿ. ಫೀಸು ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಮುಗಿಸಬೇಕು; ಉದ್ದ ಬರೆದರೆ ಅದೇ ನೆಪದಲ್ಲಿ ವಾಪಸ್ ಮಾಡ್ತಾರೆ. ಮಂಜೂರಾದ ಹುದ್ದೆ, ಖಾಲಿ ಹುದ್ದೆ, ಗುತ್ತಿಗೆ ಹುದ್ದೆ, ಇಷ್ಟಕ್ಕೆ ಒಂದು ಅರ್ಜಿ. ಉಪಯೋಜನೆಯಲ್ಲಿ ತಾಲೂಕಿಗೆ ಬಂದ ಆರೋಗ್ಯದ ದುಡ್ಡು ಮತ್ತು ಅದು ಯಾವ ಕೆಲಸಕ್ಕೆ ಹೋಯಿತು ಅನ್ನೋದಕ್ಕೆ ಇನ್ನೊಂದು. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಉತ್ತರದ ಒಂದು ಜೆರಾಕ್ಸ್ ಮುಂದಿನ ಸಭೆಗೆ ತನ್ನಿ. ಕೊಡದೇ ಇದ್ದರೆ ಅರ್ಜಿ ಕೊಟ್ಟ ರಸೀದಿಯನ್ನಾದರೂ ತನ್ನಿ, ತಾಲೂಕುವಾರು ಜೋಡಿಸಿ ಬಜೆಟ್ ಅಧಿವೇಶನಕ್ಕೆ ಮೊದಲು ಇದೇ ಪುಟಗಳಲ್ಲಿ ಹಾಕೋಣ.